ಏರಿಸದೆ ಬಿಟ್ಟ ಸ್ಕ್ರೂ

ನನ್ನ ತಮ್ಮನ ಲಾರಿ ದಿಂಬಂ ಘಾಟಿಯಲ್ಲಿ ಹಿಂದಕ್ಕೆ ಉರುಳಿದ್ದಕ್ಕೆ ಸರ್ಕಾರದ ಹೊಗೆ ಕಾನೂನೇ ಕಾರಣ ಎಂದು ಗುಂಡ್ಲುಪೇಟೆಯ ಲಾರಿಯವರು ಇವತ್ತಿಗೂ ಹೇಳುತ್ತಾರೆ. ಸುಳ್ಳು. ಕಾರಣ ನಾನು. ಇದನ್ನು ಬರೆಯಬೇಡ, ನಮ್ಮ ಕಸುಬಿನ ಮಾನ ಹೋಗುತ್ತದೆ ಎಂದು ಕೆಲವರು ಬುದ್ಧಿ ಹೇಳಿದ್ದಾರೆ. ಹೋಗುವುದಿದ್ದರೆ ಹೋಗಲಿ. ಆ ಮಾನ ಕಾಯಲು ಹೋಗಿಯೇ ನಾನು ಒಡಹುಟ್ಟಿದವನನ್ನು ಒಂದು ಬೇಸಿಗೆಯಿಡೀ ಕೆಲಸವಿಲ್ಲದೆ ಕೂರಿಸಿದ್ದು.

ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಯೊಳಗೇ ಇದ್ದ ಕಾಲ. ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಯ ಪಕ್ಕ ಒಂದು ತಗಡಿನ ಶೆಡ್ಡಿನಲ್ಲಿ ನಾನು ಡೀಸೆಲ್ ಪಂಪು ರಿಪೇರಿ ಮಾಡುತ್ತಿದ್ದೆ. ಓದಿದ್ದು ಐದನೇ ಕ್ಲಾಸು. ಕೆಲಸ ಕಲಿತದ್ದು ಕಣ್ಣು, ಕಿವಿಯಿಂದ. ಎಂಜಿನ್ನಿಗೆ ಎಷ್ಟು ಡೀಸೆಲ್ ಹೋಗಬೇಕೆಂದು ಅಳೆದು ಕೊಡುವುದು ಪಂಪು. ಅದರ ಹಿಂಬದಿಯಲ್ಲಿ ಒಂದು ಸ್ಕ್ರೂ ಇರುತ್ತದೆ. ಎಷ್ಟೇ ಒತ್ತಿದರೂ ಇದಕ್ಕಿಂತ ಹೆಚ್ಚು ಕೊಡಬೇಡ ಎಂದು ಪಂಪನ್ನು ತಡೆಯುವುದು ಅದರ ಕೆಲಸ. ಪಂಪು ತಯಾರಿಸಿದವರು ಅದಕ್ಕೆ ತಂತಿ ಸುತ್ತಿ ಸೀಸದ ಸೀಲು ಒತ್ತಿರುತ್ತಾರೆ. ನಮ್ಮ ಕಡೆ ಓಡಾಡುವ ಲಾರಿಗಳಲ್ಲಿ ಆ ಮೊದಲ ಸೀಲು ಉಳಿದಿದ್ದನ್ನು ನಾನು ಕಂಡಿರಲಿಲ್ಲ. ಎಲ್ಲರೂ ಸ್ಕ್ರೂ ಬಿಚ್ಚಿಸಿ ಡೀಸೆಲ್ ಏರಿಸಿಕೊಂಡವರೇ. ಲಾರಿ ಏರು ಹತ್ತುವಾಗ ಹಿಂದಿನ ಗಾಡಿಯವನ ಮುಖ ಕಾಣದಷ್ಟು ಕರೀ ಹೊಗೆ ಬಿಟ್ಟರೆ, ‘ಏನ್ ಪಂಪ್ ಕಟ್ಟವ್ನೆ ನೋಡ್ಲಾ’ ಎಂದು ನನ್ನನ್ನು ಹೊಗಳುತ್ತಿದ್ದರು. ಹೊಗೆ ಎಂದರೆ ದಮ್ಮು ಎಂದು ಅವರೂ ನಂಬಿದ್ದರು, ನಾನೂ ನಂಬಿದ್ದೆ.

ಆಮೇಲೆ ಹೊಗೆಗೂ ಕಾನೂನು ಬಂತು. ವರ್ಷಕ್ಕೊಮ್ಮೆ ಲಾರಿಯನ್ನು ಎಫ್‌ಸಿಗೆ, ಅಂದರೆ ರಸ್ತೆಯಲ್ಲಿ ಓಡಲು ಯೋಗ್ಯವೇ ಎಂಬ ತಪಾಸಣೆಗೆ ತೋರಿಸುವಾಗ, ಹೊಗೆಯನ್ನೂ ಅಳೆಯತೊಡಗಿದರು. ಚಾಮರಾಜನಗರದ ಕ್ಯಾಂಪಿಗೆ ಇನ್ಸ್‌ಪೆಕ್ಟರು ಜೀಪಿನಲ್ಲಿ ಯಂತ್ರ ತರುತ್ತಿದ್ದರು. ಲಾರಿಯ ಸೈಲೆನ್ಸರಿನೊಳಕ್ಕೆ ಒಂದು ನಳಿಕೆ ತೂರಿಸುವುದು. ಚಾಲಕ ಆಕ್ಸಿಲರೇಟರನ್ನು ಒಂದೇ ಏಟಿಗೆ ತಳಮುಟ್ಟ ಒತ್ತಿ, ಎಂಜಿನ್ ಪೂರ್ತಿ ಕೂಗಿದ ಮೇಲೆ ಬಿಡಬೇಕು. ಹೀಗೆ ಮತ್ತೆ ಮತ್ತೆ. ಯಂತ್ರ ಆ ಹೊಗೆಯ ನಡುವೆ ಬೆಳಕು ಹಾಯಿಸಿ, ಹೊಗೆ ಎಷ್ಟು ಬೆಳಕನ್ನು ತಡೆಯಿತು ಎಂದು ಮುಳ್ಳಿನಲ್ಲಿ ತೋರಿಸುತ್ತಿತ್ತು. ಮುಳ್ಳು ಅರವತ್ತೈದು ದಾಟಿದರೆ ಲಾರಿ ಫೇಲು.

ನಾವು ಅದಕ್ಕೂ ದಾರಿ ಮಾಡಿಕೊಂಡೆವು. ಕ್ಯಾಂಪಿನ ಮೈದಾನದ ಹೊರಗೆ ಟೀ ಅಂಗಡಿಯ ಹಿಂದೆ ನಾನು ಸ್ಪಾನರ್ ಹಿಡಿದು ಕೂರುತ್ತಿದ್ದೆ. ಲಾರಿ ಬಂದು ನಿಲ್ಲುತ್ತಿತ್ತು. ಸೀಲು ಕಿತ್ತು ಸ್ಕ್ರೂ ತಿರುಗಿಸಿ ಡೀಸೆಲ್ ಇಳಿಸಿ, ಬೇರೆ ಸೀಲು ಒತ್ತುತ್ತಿದ್ದೆ. ಡೀಸೆಲ್ ಕಡಿಮೆಯಾದರೆ ಹೊಗೆ ಕಡಿಮೆ, ಲಾರಿ ಪಾಸು. ಪಾಸಾದ ಮೇಲೆ ಗುಂಡ್ಲುಪೇಟೆಗೆ ಬಂದರೆ ಮತ್ತೆ ಮೊದಲಿನಷ್ಟೇ ಏರಿಸಿ, ನನ್ನದೇ ಒಂದು ಸೀಸದ ಗುಂಡು ಒತ್ತಿ ಕಳಿಸುತ್ತಿದ್ದೆ. ‘ಇಳಿಸೋದು, ಏರಿಸೋದು’ ಎಂದೇ ಈ ಕೆಲಸಕ್ಕೆ ಹೆಸರು. ಖಾಲಿ ಲಾರಿಗೆ ಇಳಿಸಿದ್ದು ಗೊತ್ತೇ ಆಗುವುದಿಲ್ಲ. ಲೋಡು ಹೊತ್ತು ಏರು ಹತ್ತುವಾಗ ಗೊತ್ತಾಗುತ್ತದೆ.

ನನ್ನ ತಮ್ಮ ಹರದನಹಳ್ಳಿಯ ಮಾಲೀಕರೊಬ್ಬರ ಲಾರಿ ಓಡಿಸುತ್ತಿದ್ದ. ಚಾಮರಾಜನಗರದಿಂದ ಅರಿಶಿನ ತುಂಬಿಕೊಂಡು ದಿಂಬಂ ಇಳಿದು ಈರೋಡಿಗೆ ಹೋಗುವುದು, ಬರುವಾಗ ಸಿಮೆಂಟು ತುಂಬಿಕೊಂಡು ಅದೇ ಘಾಟಿ ಹತ್ತುವುದು. ಆ ವರ್ಷ ಅವನ ಲಾರಿ ಎಫ್‌ಸಿಗೆ ಬಂದಾಗ ನಾನು ಎಂದಿನಷ್ಟು ಇಳಿಸಿದರೂ ಮುಳ್ಳು ಗೆರೆ ದಾಟಿತು. ಹೊರಗೆ ತಂದು ಇನ್ನಷ್ಟು ಇಳಿಸಿದೆ. ಎಂಜಿನ್ ಕೂಗುವ ಬದಲು ಮುಲುಗಿತು, ಆದರೂ ಪಾಸಾಯಿತು. ಇನ್ಸ್‌ಪೆಕ್ಟರು ಯಂತ್ರದ ನಳಿಕೆ ಒರೆಸುತ್ತಾ ನನ್ನ ಕಡೆ ನೋಡಿದರು.

“ನೀನು ಟೀ ಅಂಗಡಿ ಹಿಂದೆ ಏನು ಮಾಡ್ತೀಯ ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಡೀಸೆಲ್ ಕಡಿಮೆ ಹಾಕು ಅಂತ ಕಾನೂನು ಹೇಳಿಲ್ಲ ಕಣಯ್ಯ. ಹಾಕಿದ್ದನ್ನ ಪೂರ್ತಿ ಉರಿಸು ಅಂತ ಹೇಳಿದೆ. ಕರೀ ಹೊಗೆ ಅಂದ್ರೆ ಉರೀದೆ ಹೊರಗೆ ಹೋದ ಡೀಸೆಲ್ಲು.”

ನಾನು ತಲೆಯಾಡಿಸಿ ಹೊರಗೆ ಬಂದೆ. ಟೀ ಅಂಗಡಿಯ ಮುಂದೆ ಏಳೆಂಟು ಚಾಲಕರು ಕೂತಿದ್ದರು. ತಮ್ಮ ಅಲ್ಲೇ ಮಾತು ತೆಗೆದ.

“ಅಣ್ಣ, ಸಾಹೇಬ್ರು ಏಳಿದ್ದು ಸರಿ ಕಣ. ಈ ಸಲ ಡೀಸೆಲ್ ಚಿಮ್ಮೋ ನಾಜಲ್ ಬಿಚ್ಚಿ ನೋಡನ. ಹಿಂಗೇ ಇಳ್ಸಿ ಏರ್ಸಿ ಎಷ್ಟ್ ದಿನ ತಳ್ಳೀಯೆ?”

“ಪಂಪಿನ್ ವಿಚಾರ ನಿಂಗೇನ್ಲಾ ಗೊತ್ತು? ಸ್ಟೇರಿಂಗ್ ತಿರುಗ್ಸೋದ್ ನೋಡ್ಕ ಓಗು.”

“ನಾನು ಸ್ಟೇರಿಂಗ್ ತಿರುಗ್ಸ್ತೀನಿ, ನೀನು ಸ್ಕ್ರೂ ತಿರುಗ್ಸ್ತೀಯೆ. ನಾನ್ ತಿರುಗ್ಸುದ್ರೆ ಗಾಡಿಯಾದ್ರೂ ಮುಂದಕ್ ಓಯ್ತದೆ.”

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಟೀ ಸೋಸುತ್ತಿದ್ದವನೂ ನಕ್ಕ. ತಮಾಷೆಗೆ ಆಡಿದ ಮಾತು, ನಾನೂ ನಗಬಹುದಾಗಿತ್ತು. ಆದರೆ ಅವನನ್ನು ಲಾರಿಗೆ ಹತ್ತಿಸಿದ್ದು ನಾನು, ಗೇರು ಹಾಕಲು ಕಲಿಸಿದವರ ಹತ್ತಿರ ಬಿಟ್ಟದ್ದು ನಾನು. ನನ್ನ ಗಿರಾಕಿಗಳ ಮುಂದೆ ನನಗೆ ಬೇರೇನೂ ಬರುವುದಿಲ್ಲ ಎಂದುಬಿಟ್ಟನಲ್ಲ ಎಂದು ಮೈಯೆಲ್ಲ ಉರಿಯಿತು. ಉರಿಯಲು ಕಾರಣ, ಅವನು ಹೇಳಿದ್ದು ನಿಜ.

ಮಧ್ಯಾಹ್ನ ಅವನು ಶೆಡ್ಡಿಗೆ ಬಂದ. ಎಂಜಿನ್ ನಿಲ್ಲಿಸದೆ ಕೂಗಿದ.

“ಬೇಗ ಏರ್ಸ್ಕೊಡಣ್ಣ. ಅರಿಶ್ನ ಲೋಡ್ ಮಾಡಕ್ಕೆ ಆಳ್‌ಗೊಳು ಕಾಯ್ತಾವ್ರೆ.”

ನಾನು ಬಾನೆಟ್ಟಿನೊಳಗೆ ತಲೆ ಹಾಕಿದೆ. ಸೀಲು ಕಿತ್ತೆ. ಸ್ಕ್ರೂವಿನ ಲಾಕ್ ನಟ್ಟನ್ನು ಸಡಿಲಿಸಿದೆ. ಸ್ಕ್ರೂ ಮುಟ್ಟಲಿಲ್ಲ. ನಟ್ಟನ್ನು ಮತ್ತೆ ಬಿಗಿದೆ. ಹೊಸ ತಂತಿ ಸುತ್ತಿ ಸೀಸದ ಗುಂಡು ಒತ್ತಿದೆ.

“ಏರ್ಸಿದ್ಯಾ?”

“ಏರ್ಸಿದೀನಿ ಕಣ್ಲಾ, ಎಷ್ಟ್ ಸಲ ಏಳ್ಬೇಕು? ಓಗು.”

ಇಷ್ಟೇ ನಡೆದದ್ದು. ತೆರಕಣಾಂಬಿ ದಾಟುವುದರೊಳಗೆ ಇವನಿಗೆ ಗಾಡಿ ಎಳೆಯದಿರುವುದು ಗೊತ್ತಾಗುತ್ತದೆ, ತಿರುಗಿಸಿಕೊಂಡು ಬರುತ್ತಾನೆ, ‘ತಪ್ಪಾಯ್ತು ಕಣಣ್ಣ, ನೋಡ್ಕೊಡು’ ಎನ್ನುತ್ತಾನೆ, ಆಗ ಏರಿಸೋಣ ಎಂದು ನಾನು ಲೆಕ್ಕ ಹಾಕಿದ್ದೆ. ಅವನು ತಿರುಗಿ ಬರಲಿಲ್ಲ. ಲಾರಿ ಖಾಲಿ ಇತ್ತು, ರಸ್ತೆ ಸಮ ಇತ್ತು. ಅರಿಶಿನ ತುಂಬಿದ ಮೇಲೂ ಹೋಗಬೇಕಾದ್ದು ಬಹುತೇಕ ಇಳಿಜಾರು. ಗೊತ್ತಾಗುವಷ್ಟು ಏರು ಅವನಿಗೆ ಸಿಕ್ಕಿದ್ದು ವಾಪಸು ಬರುವಾಗ, ಬೆನ್ನಿನ ಮೇಲೆ ಸಿಮೆಂಟು ಹೊತ್ತು ದಿಂಬಂ ಹತ್ತುವಾಗ. ಅಷ್ಟರಲ್ಲಿ ನಾನು ಕೋಪ ಮರೆತಿದ್ದೆ. ಸ್ಕ್ರೂವನ್ನೂ ಮರೆತಿದ್ದೆ ಎಂದು ಬರೆಯಲು ಕೈ ಬರುವುದಿಲ್ಲ. ನೆನಪಿತ್ತು. ಏನೂ ಆಗಲಾರದು ಎಂದುಕೊಂಡು ಸುಮ್ಮನಿದ್ದೆ.

ಸುದ್ದಿ ಬಂದಾಗ ಮಾಲೀಕರ ಇನ್ನೊಂದು ಲಾರಿಯಲ್ಲಿ, ಅವರ ಹಳೆಯ ಚಾಲಕನ ಜೊತೆ ನಾನು ಹೊರಟೆ. ಪುಣಜನೂರು, ಹಾಸನೂರು ದಾಟಿ ದಿಂಬಂನಿಂದ ಕೆಳಗೆ ಕೆಲವು ತಿರುವು ಇಳಿದರೆ, ಲಾರಿ ಬಾಗಿಲ ಹಾಗೆ ರಸ್ತೆಗೆ ಅಡ್ಡ ನಿಂತಿತ್ತು. ಮೇಲೂ ಕೆಳಗೂ ವಾಹನಗಳ ಸಾಲು. ಕಡಿದಾದ ತಿರುವಿನಲ್ಲಿ, ಮೊದಲ ಗೇರಿನಲ್ಲೇ ಎಂಜಿನ್ ಉಸಿರು ಬಿಟ್ಟು ನಿಂತಿದೆ. ಎಂಜಿನ್ ನಿಂತರೆ ಆ ಕಾಲದ ಲಾರಿಗಳ ಬ್ರೇಕು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಎಷ್ಟು ತುಳಿದರೂ ಹಿಡಿತ ಸಾಲದು. ಹ್ಯಾಂಡ್ ಬ್ರೇಕ್ ಎಳೆಯುವಷ್ಟರಲ್ಲಿ ಲಾರಿ ಹಿಂದಕ್ಕೆ ಜಾರಿದೆ. ಕ್ಲೀನರ್ ಕೆಳಗೆ ಹಾರಿ ಚಕ್ರಕ್ಕೆ ಕೊಟ್ಟ ಮರದ ತುಂಡು ನಿಲ್ಲಲಿಲ್ಲ. ಹಿಂದೆ ಬರುತ್ತಿದ್ದ ತಮಿಳು ಲಾರಿಯವನು, “ಅಣ್ಣೇ, ವಂಡಿ ಪಿನ್ನಾಡಿ ವರುದು!” ಎಂದು, ಅಂದರೆ ಗಾಡಿ ಹಿಂದಕ್ಕೆ ಬರುತ್ತಿದೆ ಎಂದು, ಅರಚಿದ್ದಾನೆ. ನನ್ನ ತಮ್ಮ ಹಾರಿಕೊಳ್ಳಲಿಲ್ಲ. ಸ್ಟೇರಿಂಗನ್ನು ಪೂರ್ತಿ ಎಳೆದು, ಲಾರಿಯ ಹಿಂಭಾಗವನ್ನು ಕಣಿವೆಯ ಕಡೆಗೆ ಬಿಡದೆ ಗುಡ್ಡದ ಕಡೆಗೆ ತಿರುಗಿಸಿ ಮಣ್ಣಿಗೆ ಗುದ್ದಿಸಿ ನಿಲ್ಲಿಸಿದ. ಗುದ್ದಿದ ಏಟಿಗೆ ಸ್ಟೇರಿಂಗ್ ತಿರುಗಿ ಹೊಡೆದು ಬಲಗೈ ಮಣಿಕಟ್ಟು ಮುರಿದಿತ್ತು.

ರಸ್ತೆಯ ಅಂಚಿನಲ್ಲಿ ಟವೆಲಿನಲ್ಲಿ ಕೈ ಕಟ್ಟಿಕೊಂಡು ಕೂತಿದ್ದ. ನನ್ನನ್ನು ಕಂಡು ಎದ್ದು ಬಂದ.

“ಎಳೀನಿಲ್ಲ ಕಣಣ್ಣ. ಮೊದಲ್ನೇ ತಿರುವಿಂದ್ಲೂ ಎಳೀನಿಲ್ಲ. ತಿರುಗ್ಸಕ್ಕೆ ಜಾಗ ಸಿಗ್ನಿಲ್ಲ. ಪಂಪ್ ಒಸಿ ನೋಡು, ಏನೋ ಆಗದೆ.”

ಏರಿಸಲಿಲ್ಲವೇನೋ ಎಂದು ಅವನು ಕೇಳಲೇ ಇಲ್ಲ. ಅಣ್ಣ ಏರಿಸಿದ್ದೇನೆ ಎಂದಿದ್ದ, ಅಲ್ಲಿಗೆ ಮುಗಿಯಿತು.

ಮುಂದೆ ನಾನು ಮಾಡಿದ್ದು ಶೆಡ್ಡಿನಲ್ಲಿ ಮಾಡಿದ್ದಕ್ಕಿಂತ ಕೆಟ್ಟದ್ದು. ಎಲ್ಲರೂ ಸರಪಳಿ ಕಟ್ಟುವುದರಲ್ಲಿ ಇದ್ದಾಗ ಬಾನೆಟ್ಟಿನೊಳಗೆ ಬಾಗಿ, ಸೀಲು ಕಿತ್ತು, ಸ್ಕ್ರೂ ಏರಿಸಿ, ಬೇರೆ ಸೀಲು ಒತ್ತಿದೆ. ಇನ್ನೊಂದು ಲಾರಿಯಿಂದ ಎಳೆಸಿ ಹಿಂಚಕ್ರವನ್ನು ಚರಂಡಿಯಿಂದ ಮೇಲೆತ್ತಿಸಿದೆವು. ಆಮೇಲೆ ಹಳೆಯ ಚಾಲಕ ಕೂತು ಸ್ಟಾರ್ಟ್ ಮಾಡಿದ. ಒಂದು ಮೂಟೆಯೂ ಇಳಿಸದ ಆ ಲಾರಿ ಕರೀ ಹೊಗೆ ಕಾರುತ್ತಾ ತಿರುವಿನ ಮೇಲೆ ತಿರುವು ಹತ್ತಿ ದಿಂಬಂ ಸೇರಿತು.

ಹಳೆಯ ಚಾಲಕ ಮಾಲೀಕರಿಗೆ ಕಂಡದ್ದನ್ನು ಕಂಡ ಹಾಗೆ ಹೇಳಿದ. “ಗಾಡಿ ಗುಂಡಿನಂಗೆ ಎಳೀತು ಯಜಮಾನ್ರೆ. ಗಾಡೀದೇನೂ ತಪ್ಪಿಲ್ಲ.” ಗಾಡಿಯದು ತಪ್ಪಿಲ್ಲ ಎಂದರೆ ತಪ್ಪು ಯಾರದು ಎಂದು ಬೇರೆ ಹೇಳಬೇಕಾಗಿರಲಿಲ್ಲ. ತೂಕಡಿಸಿದ ಎಂದರು. ಗೇರು ತಪ್ಪಿದ ಎಂದರು. ಘಾಟಿ ಓಡಿಸಲು ಬಾರದವನು ಎಂದು ಚಾಮರಾಜನಗರದಿಂದ ಹರವೆಯವರೆಗೆ ಹರಡಿತು. ಮಣಿಕಟ್ಟು ಕೂಡಿಕೊಂಡ ಮೇಲೂ ಯಾವ ಮಾಲೀಕನೂ ಅವನ ಕೈಗೆ ಲಾರಿಯ ಕೀಲಿ ಕೊಡಲಿಲ್ಲ. ಇನ್ನು ಕೆಲವರು ಹೊಗೆ ಕಾನೂನಿನಿಂದ ಗಾಡಿಗಳ ದಮ್ಮೇ ಹೋಗುತ್ತಿದೆ, ಇದಕ್ಕೆ ಅವನೇ ಸಾಕ್ಷಿ ಎಂದರು. ಅದು ಕೇಳಲು ನನಗೆ ಹಿತವಾಗಿತ್ತು. ನಾನೂ ಹೂಂ ಎನ್ನುತ್ತಿದ್ದೆ.

ತಮ್ಮನ ಹೆಂಡತಿ ಚೆಂಡುಹೂ ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಒಂದು ದಿನ ಕೆಲಸದಿಂದ ನೇರ ಶೆಡ್ಡಿಗೆ ಬಂದಳು. ಬೆರಳುಗಳು ಹಳದಿಯಾಗಿದ್ದವು. ಕೂತುಕೋ ಎಂದರೂ ಕೂರಲಿಲ್ಲ.

“ಭಾವ, ಒಂದ್ ಮಾತು. ಗಾಡಿ ಎಳೀನಿಲ್ಲ ಅಂತಾರೆ ನಿಮ್ ತಮ್ಮ. ಅದೇ ಗಾಡಿ, ಅದೇ ಲೋಡು, ನೀವ್ ಓದ್ಮೇಲೆ ಎಳೀತು ಅಂತಾರೆ ಊರ್ನೋರು. ಇಬ್ರಲ್ಲಿ ಸುಳ್ಳು ಯಾರ್ದು?”

“ಇಬ್ರದೂ ನಿಜ ಕಣಮ್ಮಿ.”

“ಎಲ್ಡೂ ಎಂಗ್ ನಿಜ ಆದದು?”

ಆಗ ಬಾಯಿ ಬಿಟ್ಟೆ. ಇಳಿಸಿದ್ದು, ಏರಿಸದೆ ಬಿಟ್ಟದ್ದು, ಘಾಟಿಯಲ್ಲಿ ಕದ್ದು ಏರಿಸಿದ್ದು, ಎಲ್ಲ. ಅವಳು ಅಳಲಿಲ್ಲ, ಕೂಗಲಿಲ್ಲ. ನನ್ನ ಕೈಯಲ್ಲಿದ್ದ ಸ್ಪಾನರನ್ನೇ ನೋಡುತ್ತಿದ್ದಳು.

“ಇದ್ನ ನನ್ ತಾವ್ ಏಳಿ ಏನ್ ಬಂತು? ನಾನೇನ್ ಲಾರಿ ಕೊಟ್ಟೇನಾ ಅವ್ರಿಗೆ? ಕೀಲಿ ಯಾರ್ ತಾವ್ ಅದೆಯೋ ಅಲ್ಲಿ ಓಗಿ ಏಳಿ. ಮನೇಲಿ ಅವ್ರಿಗೆ ನಾನ್ ಏಳ್ತೀನಿ.”

ಮಾರನೆಯ ದಿನ ಬಸ್ಸು ಹತ್ತಿ ಚಾಮರಾಜನಗರಕ್ಕೆ, ಮಾಲೀಕರ ಗೋದಾಮಿಗೆ ಹೋದೆ. ಅರಿಶಿನದ ಧೂಳಿನ ನಡುವೆ ಅವರೂ ಹಳೆಯ ಚಾಲಕನೂ ನಿಂತಿದ್ದರು. ನಾನು ಎಲ್ಲ ಹೇಳಿ ಮುಗಿಸಿದೆ. ಮಾಲೀಕರು ನಕ್ಕುಬಿಟ್ಟರು.

“ಲೋ, ತಮ್ಮನ್ ಉಳಿಸ್ಕೊಳಕ್ಕೆ ಎಂಥಾ ಕತೆ ಕಟ್ಟಿದ್ದೀಯೆ ನೀನು! ನಿನ್ ಪಂಪು ಯಾವತ್ತಾರ ಎಳೀದೆ ಇದ್ದದ್ದುಂಟಾ?”

ಹಳೆಯ ಚಾಲಕ ನನ್ನ ಬೆನ್ನು ತಟ್ಟಿದ. “ಅಣ್ಣ ಅಂದ್ರೆ ಇಂಗಿರ್ಬೇಕು ಕಣ್ಲಾ. ಆದ್ರೂ ಗಾಡಿ ಅತ್ತಿಸ್ದೋನು ನಾನಲ್ವಾ? ನಂಗೊತ್ತಿಲ್ವಾ?”

ತಪ್ಪು ಮಾಡಿದ್ದೇನೆ ಎಂದು ಹೇಳಿದವನಿಗೆ ಒಳ್ಳೆಯ ಅಣ್ಣ ಎಂಬ ಹೆಸರು ಸಿಕ್ಕಿತು. ನಾನೇ ಗುರುತು ಅಳಿಸಿದ್ದೆ. ಇನ್ನು ಯಾರು ನಂಬುತ್ತಾರೆ? ಅವತ್ತು ಬಂದ ಸಿಟ್ಟು ಅವರ ಮೇಲಲ್ಲ, ನನ್ನ ಮೇಲೆ. ಅದೇ ಸಿಟ್ಟಿನಲ್ಲಿ ಹೇಳಿದೆ: “ಬಾಯ್ಮಾತು ಬ್ಯಾಡ. ಲೋಡ್ ಹಾಕ್ಸಿ. ನಾನು ಅವತ್ತು ಇಳ್ಸಿದ್ದಷ್ಟೇ ಇಳಿಸ್ತೀನಿ. ಅತ್ತುತ್ತದಾ ನೋಡನ.”

ಘಾಟಿಗೆ ಮತ್ತೆ ಲಾರಿ ಕಳಿಸಲು ಮಾಲೀಕರು ಒಪ್ಪಲಿಲ್ಲ. ಕರಿಕಲ್ಲು ಕ್ವಾರಿಯಿಂದ ಲಾರಿಗಳು ಮೇಲೆ ಬರುವ ದಾರಿ ಆಗಬಹುದು ಎಂದರು. ಅದೂ ಕಡಿದಾದ ಏರು. ಆದರೆ ಎರಡೂ ಕಡೆ ಕಲ್ಲಿನ ಗೋಡೆ, ಬೀಳುವ ಭಯವಿಲ್ಲ.

ಕಲ್ಲಿನ ದಿಮ್ಮಿ ಹೇರಿದ ಅದೇ ಲಾರಿಯ ಪಂಪಿಗೆ ಎಲ್ಲರೂ ನೋಡುತ್ತಿರುವಾಗ ಸ್ಪಾನರ್ ಹಾಕಿದೆ. ಅವತ್ತು ಎಷ್ಟು ಇಳಿಸಿದ್ದೆನೋ ಅದು ಕೈಗೆ ನೆನಪಿತ್ತು. ತಮ್ಮ ಬಂದಿದ್ದ. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಕ್ಯಾಬಿನ್ ಹತ್ತಿ ಕೂತು ಮಾಲೀಕರನ್ನು ಕರೆದ.

“ನೀವೂ ಮೇಲತ್ತಿ ಯಜಮಾನ್ರೆ. ವರಗ್ ನಿಂತ್ ನೋಡುದ್ರೆ ಎಲ್ಲಾ ಡ್ರೈವರ್‌ದೇ ತಪ್ಪು ಕಾಣದು.”

ಮಾಲೀಕರು ಪಂಚೆ ಎತ್ತಿ ಕಟ್ಟಿ ಹತ್ತಿದರು. ನಾನು ಮತ್ತು ಹಳೆಯ ಚಾಲಕ ಹಿಂಚಕ್ರಗಳ ಹಿಂದೆಯೇ ಕಲ್ಲು ಹಿಡಿದು ನಡೆದೆವು. ಮೊದಲ ಗೇರು. ಲಾರಿ ಏರಿನ ಅರ್ಧದವರೆಗೆ ಹೋಯಿತು. ಸೈಲೆನ್ಸರಿನಿಂದ ಹೊಗೆಯೇ ಇಲ್ಲ ಎನ್ನುವಷ್ಟು ಚೊಕ್ಕ. ಎಂಜಿನ್ನಿನ ದನಿ ಇಳಿಯುತ್ತಾ ಇಳಿಯುತ್ತಾ, ಹೊರೆ ಹೊತ್ತವನು ಮಂಡಿಯೂರುವ ಹಾಗೆ, ನಿಂತೇಹೋಯಿತು. ಲಾರಿ ಒಂದು ಗೇಣು ಹಿಂದಕ್ಕೆ ಬಂತು. ನಾವು ಕಲ್ಲು ಕೊಟ್ಟೆವು. ಮೇಲಿನಿಂದ ಮಾಲೀಕರ ದನಿ ಕೇಳಿಸಿತು: “ತುಳಿಯೋ, ಬ್ರೇಕ್ ತುಳಿಯೋ!”

“ತುಳ್ದೇ ಇವ್ನಿ ಯಜಮಾನ್ರೆ. ನೀವೇ ನೋಡಿ ನನ್ ಕಾಲ.”

ಮಾಲೀಕರು ಕೆಳಗಿಳಿದು ಹಿಂಚಕ್ರಕ್ಕೆ ಕೊಟ್ಟ ಕಲ್ಲನ್ನು ಬಗ್ಗಿ ನೋಡಿದರು. ಹಳೆಯ ಚಾಲಕ ನನ್ನ ಮುಖಕ್ಕೆ ಉಗುಳಲಿಲ್ಲ ಅಷ್ಟೇ. “ತಮ್ಮನ್ ಪ್ರಾಣದ್ ಮೇಲೆ ಆಟ ಆಡ್ಬುಟ್ಯಲ್ಲೋ” ಎಂದ. ಹೌದು ಎಂದೆ. ಕೊನೆಗೆ ಮಾಲೀಕರು ಟವೆಲಿನಿಂದ ಮುಖ ಒರೆಸಿಕೊಂಡು, “ಆಯ್ತು, ಗೊತ್ತಾಯ್ತು. ಈಗ ಏರ್ಸು, ಗಾಡಿ ಮೇಲಕ್ ತಕೊಂಡೋಗನ” ಎಂದರು.

ಸ್ಪಾನರ್ ಕೈಯಲ್ಲೇ ಇತ್ತು. ಏರಿಸಿದ್ದರೆ ಎಲ್ಲವೂ ಅಲ್ಲಿಗೆ ಮುಗಿಯುತ್ತಿತ್ತು. ತಮ್ಮನಿಗೆ ಕೀಲಿ, ನನಗೆ ಬೈಗುಳ, ಮುಂದಿನ ವರ್ಷ ಮತ್ತೆ ಟೀ ಅಂಗಡಿಯ ಹಿಂದೆ ಇಳಿಸುವುದು. ಯಾಕೋ ಕೈ ಮುಂದೆ ಹೋಗಲಿಲ್ಲ.

“ಏರ್ಸಲ್ಲ” ಎಂದೆ.

“ಏನಂದೆ?”

“ಇನ್ಮೇಲೆ ಇಳ್ಸದೂ ಇಲ್ಲ, ಏರ್ಸದೂ ಇಲ್ಲ. ಪಂಪ್ ಬಿಚ್ಚಿ ಸರಿಯಾಗಿ ಕಟ್ಟಿಸ್ತೀನಿ. ಹೊಗೇನೂ ಗೆರೆ ದಾಟ್ಬಾರ್ದು, ಗಾಡೀನೂ ಎಳೀಬೇಕು. ಅಲ್ಲೀಗಂಟ ಗಾಡಿ ನಿಲ್ಲಲಿ.”

“ನಿನ್ ತಪ್ಗೆ ನನ್ ಗಾಡಿ ನಿಲ್ಲಿಸ್ಬೇಕಾ?”

“ನಿಲ್ಸಿ. ಇಲ್ದಿದ್ರೆ ಬೇರೆಯವ್ರ ಕೈಲಿ ಏರಿಸ್ಕೊಳಿ. ನನ್ ಕೈಲಿ ಆಗಲ್ಲ.”

ಅವರು ಬೈದ ಬೈಗುಳ ಇಲ್ಲಿ ಬೇಡ. ತಮ್ಮ ನಡುವೆ ಬಾಯಿ ಹಾಕಿ ಮಾಲೀಕರಿಗೆ ಹೇಳಿದ, ನನಗಲ್ಲ: “ಕಟ್ಟಿಸ್ಲಿ ಬುಡಿ. ಆದ್ರೆ ಇವ್ನ್ ಶೆಡ್ಡಲ್ ಬ್ಯಾಡ. ಮೈಸೂರಲ್ಲಿ ಮಿಸಿನ್ ಮೇಲ್ ಕಟ್ಟಿಸ್ಲಿ. ಇವ್ನ್ ಬರೀ ಎತ್ಕೊಂಡ್ ಓಗಿ ಎತ್ಕೊಂಡ್ ಬರ್ಲಿ.”

ಹಾಗೇ ಆಯಿತು. ಕಲ್ಲು ಇಳಿಸಿ ಖಾಲಿ ಲಾರಿಯನ್ನು ಕ್ವಾರಿಯಿಂದ ಮೇಲೆ ತಂದು ನಿಲ್ಲಿಸಿದೆವು. ಪಂಪನ್ನು ಗೋಣಿಚೀಲದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಮೈಸೂರು ಬಸ್ಸು ಹತ್ತಿದೆ. ಅಲ್ಲೊಂದು ಅಂಗಡಿಯಲ್ಲಿ ಪಂಪು ಪರೀಕ್ಷಿಸುವ ಯಂತ್ರವಿತ್ತು. ಅದುವರೆಗೆ ಆ ಅಂಗಡಿಯವರನ್ನು ‘ಗ್ಲಾಸಿನಲ್ಲಿ ಡೀಸೆಲ್ ಅಳೆಯೋ ನರ್ಸುಗಳು’ ಎಂದು ಆಡಿಕೊಳ್ಳುತ್ತಿದ್ದೆ. ಪಂಪನ್ನು ಯಂತ್ರಕ್ಕೆ ಬಿಗಿದು ತಿರುಗಿಸಿದರು. ಎಂಜಿನ್ನಿನ ಒಂದೊಂದು ಸಿಲಿಂಡರಿಗೆ ಹೋಗಬೇಕಾದ ಡೀಸೆಲ್ ಒಂದೊಂದು ಗಾಜಿನ ಕೊಳವೆಗೆ ಬೀಳುತ್ತದೆ. ಎಲ್ಲ ಕೊಳವೆಗಳಲ್ಲೂ ಒಂದೇ ಮಟ್ಟ ಇರಬೇಕು. ನನ್ನ ಪಂಪಿನದು ಮೆಟ್ಟಿಲಿನ ಹಾಗೆ ನಿಂತಿತು. ಎರಡಕ್ಕೆ ಹೆಚ್ಚು, ಉಳಿದವಕ್ಕೆ ಕಡಿಮೆ. ಹೆಚ್ಚು ಕುಡಿದವು ಉರಿಸಲಾರದೆ ಹೊಗೆ ಬಿಡುತ್ತಿದ್ದವು, ಕಡಿಮೆ ಕುಡಿದವು ಎಳೆಯುತ್ತಿರಲಿಲ್ಲ. ನಾನು ಹಿಂಬದಿಯ ಸ್ಕ್ರೂ ಏರಿಸಿದಾಗ ಎಲ್ಲಕ್ಕೂ ಒಟ್ಟಿಗೆ ಹೆಚ್ಚಾಗಿ ಆ ವ್ಯತ್ಯಾಸ ಹೊಗೆಯಲ್ಲಿ ಮುಚ್ಚಿಹೋಗುತ್ತಿತ್ತು. ಇಷ್ಟು ವರ್ಷ ನಾನು ದಮ್ಮು ಎಂದು ಕೊಟ್ಟದ್ದು ಇದೇ.

“ಯಾರ್ರೀ ಈ ಸ್ಕ್ರೂ ಮುಟ್ಟಿರೋದು?” ಎಂದು ಯಂತ್ರದವನು ಕೇಳಿದ.

“ನಾನೇ. ಸವೆದಿರೋದೆಲ್ಲ ಬದಲಾಯಿಸಿ, ಮಟ್ಟ ಮಾಡಿ ಕೊಡಿ. ಹೇಗೆ ಮಾಡ್ತೀರಿ ಅಂತ ನೋಡ್ತಾ ನಿಂತ್ಕೋಬಹುದಾ?”

ಅವನು ಸ್ಟೂಲು ತೋರಿಸಿದ. ಕೂತು ನೋಡಿದೆ. ನಾಚಿಕೆ ಆಯಿತು ಎಂದು ಬರೆಯಬೇಕೇನೋ. ನಾಚಿಕೆಗಿಂತ ಹೊಟ್ಟೆಕಿಚ್ಚು ಹೆಚ್ಚಾಗಿತ್ತು.

ಪಂಪು ತಂದು ಲಾರಿಗೆ ಕಟ್ಟಿದರೆ ಮತ್ತೆ ಕರೀ ಹೊಗೆ. ಹಳೆಯ ಚಾಲಕ ಕೈ ಚೆಲ್ಲಿ ನಕ್ಕ. ನಾಜಲ್‌ಗಳನ್ನು ಬಿಚ್ಚಿ ಕೈಪಂಪಿಗೆ ಹಾಕಿ ಒತ್ತಿ ನೋಡಿದೆ. ಮಂಜಿನ ಹಾಗೆ ಚಿಮ್ಮಬೇಕಾದ ಡೀಸೆಲ್ ಒಂದರಲ್ಲಿ ಜೊಲ್ಲು ಸುರಿದ ಹಾಗೆ ತೊಟ್ಟಿಕ್ಕುತ್ತಿತ್ತು. ಬದಲಾಯಿಸಿದೆ. ಹೊಗೆ ಇಳಿಯಿತು, ಸಾಲದು. ಪಂಪು ಯಾವ ಗಳಿಗೆಯಲ್ಲಿ ಡೀಸೆಲ್ ಬಿಡುತ್ತದೆ ಎಂಬುದನ್ನು ನೋಡಲು ಎಂಜಿನ್ನನ್ನು ಕೈಯಲ್ಲೇ ಕೂದಲೆಳೆಯಷ್ಟು ತಿರುಗಿಸುತ್ತಾ, ಪಂಪಿನ ಬಾಯಿಂದ ತೊಟ್ಟಿಕ್ಕುವ ಡೀಸೆಲ್ ನಿಲ್ಲುವ ಜಾಗ ಹಿಡಿದು, ಎಂಜಿನ್ನಿನ ಚಕ್ರದ ಮೇಲಿನ ಗುರುತಿಗೆ ಕೂಡಿಸಿದೆ. ಆದರೂ ಒಂದಿಷ್ಟು ಹೊಗೆ ಹಟ ಹಿಡಿದಿತ್ತು. ಕೊನೆಗೆ ಏರ್ ಕ್ಲೀನರ್ ಬಿಚ್ಚಿದೆ. ಗಾಳಿ ಸೋಸಬೇಕಾದ ಅದರ ಎಣ್ಣೆ ಅರಿಶಿನ, ಸಿಮೆಂಟಿನ ಧೂಳಿಗೆ ಗಟ್ಟಿ ಕೆಸರಾಗಿತ್ತು. ಡೀಸೆಲ್ ಉರಿಯಲು ಗಾಳಿಯೇ ಇಲ್ಲದ ಎಂಜಿನ್ನಿಗೆ ನಾನು ವರ್ಷಗಟ್ಟಲೆ ಇನ್ನಷ್ಟು ಡೀಸೆಲ್ ಕುಡಿಸಿದ್ದೆ. ಎಲ್ಲಕ್ಕಿಂತ ಮೊದಲು ಬಿಚ್ಚಬೇಕಾದ್ದು ಅದು. ಅದಕ್ಕೆ ಐದನೇ ಕ್ಲಾಸೂ ಬೇಕಿರಲಿಲ್ಲ.

ಮುಂದಿನ ಕ್ಯಾಂಪಿಗೆ ನಾನು ಲಾರಿ ತೆಗೆದುಕೊಂಡು ಹೋದಾಗ ಇನ್ಸ್‌ಪೆಕ್ಟರು ಹುಬ್ಬೇರಿಸಿದರು. “ಇದು ಪಾಸಾಗಿರೋ ಗಾಡಿಯಲ್ವೇನಯ್ಯಾ? ಪಾಸಾದ ಗಾಡೀನ ಮತ್ತೆ ತಂದವನನ್ನ ನಾನು ನೋಡೇ ಇಲ್ಲ.”

“ಅದು ಕಳ್ಳ ಪಾಸು ಸರ್. ಇನ್ನೊಂದು ಸಲ ನೋಡಿ.”

ನೋಡಿದರು. ಸೀಲು ಮೈಸೂರಿನದು, ಯಾರೂ ಮುಟ್ಟಿರಲಿಲ್ಲ. ಎಂಜಿನ್ ಗಂಟಲು ಬಿಟ್ಟು ಕೂಗಿತು. ಮುಳ್ಳು ಮೇಲೆದ್ದು ಗೆರೆಯ ಈಚೆಗೇ ನಿಂತಿತು. ಅಂದು ಟೀ ಅಂಗಡಿಯ ಹಿಂದೆ ನನಗಾಗಿ ಕಾದಿದ್ದವರಿಗೆ ಸ್ಪಾನರ್ ತಂದಿಲ್ಲ ಎಂದೆ, ಇನ್ನು ತರುವುದೂ ಇಲ್ಲ ಎಂದೆ. ಇನ್ಸ್‌ಪೆಕ್ಟರ್ ಕಡೆಯವನಾಗಿಬಿ‌ಟ್ಟ ಎಂದು ಬೈದರು. ಶೆಡ್ಡಿನ ಮುಂದೆ ನಿಲ್ಲುತ್ತಿದ್ದ ಲಾರಿಗಳು ನಿಲ್ಲದೆ ಹೋದವು. ಇಳಿಸಿ ಏರಿಸುವವರು ಬೇರೆ ಸಿಕ್ಕರು. ನನಗೆ ಟ್ರಾಕ್ಟರುಗಳೂ, ಬಾವಿಯ ಪಂಪ್‌ಸೆಟ್ಟುಗಳೂ ಉಳಿದವು. ಆ ಬೈಗುಳವನ್ನು ಈಗಲೂ ಕೇಳಿಸಿಕೊಳ್ಳುತ್ತೇನೆ. ಕೇಳಿದರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಹೊಗೆಯ ಕಾನೂನು ನನ್ನ ತಮ್ಮನನ್ನು ಬೀಳಿಸಲಿಲ್ಲ. ಅದರ ಕಣ್ಣಿಗೆ ಮಣ್ಣೆರಚಿದ ನನ್ನ ಕೈ ಬೀಳಿಸಿತು.

ಮಾಲೀಕರು ತಮ್ಮನಿಗೆ ಕೀಲಿ ಕೊಟ್ಟರು. ಡೀಸೆಲ್ಲೂ ಮೊದಲಿಗಿಂತ ಕಡಿಮೆ ಹಿಡಿಯುತ್ತಿದೆ ಎಂದು ಆಮೇಲೆ ಗೊಣಗುತ್ತಲೇ ಒಪ್ಪಿದರು. ಆದರೆ ಕೀಲಿ ಸಿಕ್ಕ ಮಾತ್ರಕ್ಕೆ ಹೋದ ಹೆಸರು ಬರುವುದಿಲ್ಲ. ಅದು ಘಾಟಿಯಲ್ಲೇ ಬರಬೇಕು. ಸಿಮೆಂಟು ತುಂಬಿ ಬರುವ ಮೊದಲ ಟ್ರಿಪ್ಪಿಗೆ ಹೊರಡುವ ಮುನ್ನ ಅವನು ಶೆಡ್ಡಿನ ಮುಂದೆ ಲಾರಿ ನಿಲ್ಲಿಸಿ, ಇಳಿಯದೆ, ಕ್ಲೀನರ್ ಬಂದಿಲ್ಲ ಎಂದ.

“ಅತ್ತು.”

ಹತ್ತಿದೆ. ಈರೋಡಿಗೆ ಹೋಗಿ, ಸಿಮೆಂಟು ಹೇರಿಸಿಕೊಂಡು, ಬಣ್ಣಾರಿ ದಾಟಿ ಘಾಟಿಯ ಬುಡಕ್ಕೆ ಬರುವವರೆಗೆ ಅವನು ಆಡಿದ್ದು ಲಾರಿಯ ಬಗ್ಗೆ ಮಾತ್ರ. ತಿರುವುಗಳು ಶುರುವಾದವು. ಅವನ ಬಲಗೈ ಮಣಿಕಟ್ಟು ತಿರುಗಿಸುವಾಗ ಇನ್ನೂ ಬಿಗಿಯಾಗಿತ್ತು. ಲಾರಿ ಉರುಳಿದ್ದ ಆ ತಿರುವು ಬಂದಾಗ, ಏರಿನ ಅತಿ ಕಡಿದಾದ ಜಾಗದಲ್ಲಿ, ಲಾರಿ ನಿಲ್ಲಿಸಿದ.

“ಇಳಿ. ಹಿಂಚಕ್ರಕ್ ಮರ ಕೊಡು.”

ಇಳಿದು ಕೊಟ್ಟೆ. ಕ್ಲೀನರ್ ನಿಲ್ಲುವ ಜಾಗದಲ್ಲಿ, ಲಾರಿಯ ಹಿಂದೆ ನಿಂತೆ. ಬೆನ್ನ ಹಿಂದೆ ಕಣಿವೆ, ಮುಂದೆ ಮೂಟೆಗಳ ಗೋಡೆ. ಅವನು ಹ್ಯಾಂಡ್ ಬ್ರೇಕ್ ಎಳೆದು ಎಂಜಿನ್ ಆಫ್ ಮಾಡಿದ. ಕಾಡಿನ ಸದ್ದು ಕೇಳಿಸಿತು. ಕಿಟಕಿಯಿಂದ ತಲೆ ಹಾಕಿ ಹಿಂದಕ್ಕೆ ನೋಡಿದ.

“ಅಣ್ಣ.”

“ಏನ್ಲಾ?”

“ಮರ ತಗಿ. ಆದ್ರೆ ಪಕ್ಕಕ್ ಓಗ್ಬೇಡ. ಅಲ್ಲೇ ನಿಂತ್ಕ.”

ಮರ ತೆಗೆದು ಅಲ್ಲೇ ನಿಂತೆ. ನಾನು ಕಟ್ಟಿದ ಎಂಜಿನ್ ಎಳೆಯದಿದ್ದರೆ ಮೊದಲು ಸಿಗುವವನು ನಾನು. ಓಡಬೇಕು ಅನ್ನಿಸಿತು. ಓಡಲಿಲ್ಲ. ಸ್ಟಾರ್ಟ್ ಆಯಿತು. ಹ್ಯಾಂಡ್ ಬ್ರೇಕ್ ಬಿಟ್ಟ ಸದ್ದು ಕೇಳಿತು. ಚಕ್ರ ನನ್ನ ಕಡೆಗೆ ಒಂದು ಕೂದಲೆಳೆ ಬಂದ ಹಾಗೆ ಕಂಡಿತು, ನಿಂತಿತು, ಮುಂದಕ್ಕೆ ಕಚ್ಚಿತು. ಸೈಲೆನ್ಸರಿನಿಂದ ತೆಳು ಬೂದು ಹೊಗೆ ಎದ್ದು ಗಾಳಿಯಲ್ಲಿ ಕರಗಿತು. ಲಾರಿ ತಿರುವು ಹತ್ತಿ ಮರೆಯಾಯಿತು.

ಈಗ ನಿಲ್ಲಿಸುತ್ತಾನೆ ಎಂದು ಮುಂದಿನ ತಿರುವಿನವರೆಗೆ ನಡೆದೆ. ನಿಲ್ಲಿಸಿರಲಿಲ್ಲ. ಅದರ ಮುಂದಿನದಕ್ಕೂ ನಡೆದೆ. ಮೇಲೆ ಎಲ್ಲೋ ಲಾರಿಯ ದನಿ ಕೇಳಿಸುತ್ತಿತ್ತು, ಒಂದೇ ಸಮ, ಎಲ್ಲೂ ಮುಗ್ಗರಿಸದೆ. ಮರವನ್ನು ಹೆಗಲ ಮೇಲಿಟ್ಟುಕೊಂಡು ಉಳಿದ ಘಾಟಿಯನ್ನೆಲ್ಲ ನಡೆದೇ ಹತ್ತಿದೆ. ದಾರಿಯಲ್ಲಿ ಹೋಗುವವರು ಲಾರಿ ಎಲ್ಲಿ ಎಂದು ಕೇಳಿದರು. ಮೇಲೆ ಹೋಯಿತು ಎಂದೆ. ಇಷ್ಟೊಂದು ಹೆಮ್ಮೆಯಿಂದ ನಾನು ಯಾವತ್ತೂ ಏದುಸಿರು ಬಿಟ್ಟಿರಲಿಲ್ಲ.

ದಿಂಬಂನ ಟೀ ಅಂಗಡಿಯ ಮುಂದೆ ಲಾರಿ ನಿಂತಿತ್ತು. ತಮ್ಮ ಬೆಂಚಿನ ಮೇಲೆ ಕೂತು, ನಾಲ್ಕಾರು ಚಾಲಕರ ನಡುವೆ ಟೀ ಕುಡಿಯುತ್ತಿದ್ದ. ನನ್ನನ್ನು ಕಂಡು ಅವರಿಗೆ ಹೇಳಿದ:

“ನಮ್ಮಣ್ಣ. ಪಂಪ್ ಮೆಕ್ಯಾನಿಕ್ಕು. ಗಾಡಿ ಎಳೀತಿಲ್ಲ ಅಂತ ತಾನೇ ತಳ್ಕೊಂಡ್ ಬಂದವ್ನೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ಪಕ್ಕಕ್ಕೆ ಸರಿದು ಬೆಂಚಿನ ಮೇಲೆ ಜಾಗ ಬಿಟ್ಟ.